ಬೀರುವಿನಲ್ಲಿ ಉಳಿದ ಶಾಲುಗಳು

ವೇದಿಕೆಯ ಮೇಲಿರುವ ಪ್ರಾಂಶುಪಾಲರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ನಜೀರ್ ಸರ್ ಪತ್ನಿ ಖುರ್ಷೀದಕ್ಕನವರಿಗೆ, ಮಗಳು ನಾಜಿಮಾಗೆ, ಮದ್ದೂರು, ಮಳವಳ್ಳಿಯಿಂದ ಕೆಲಸ ಬಿಟ್ಟು ಬಂದಿರುವ ನಿಮ್ಮೆಲ್ಲರಿಗೂ ನಮಸ್ಕಾರ. ನಾನು ಚಲುವರಾಜು, ಇದೇ ಕಾಲೇಜಿನ ವಾಣಿಜ್ಯ ವಿಭಾಗದವನು. ನಮ್ಮ ರಸಾಯನಶಾಸ್ತ್ರದ ನಜೀರ್ ಅಹ್ಮದ್ ಸರ್ ಬಗ್ಗೆ ನಾಲ್ಕು ಮಾತು ಆಡಿ ಎಂದು ಹೇಳಿದ್ದಾರೆ. ನೋಡಿ, ಹೋದ ತಿಂಗಳು ಇದೇ ಮೈಕಿನ ಮುಂದೆ ಅವರು ನಿಂತಿದ್ದರು. ತಮ್ಮ ಎತ್ತರಕ್ಕೆ ಬಗ್ಗಿಸಿಕೊಂಡಿದ್ದು ಇನ್ನೂ ಹಾಗೇ ಇದೆ. ನಾನು ಬಗ್ಗಿಯೇ ಮಾತಾಡುತ್ತೇನೆ — ಇರಲಿ ಬಿಡಿ, ಸರಿ ಮಾಡುವುದು ಬೇಡ.

ಹೋದ ವಾರ ಬೆಳಗ್ಗೆ ಕಾಲೇಜಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಾ ಕುಳಿತವರು ಮತ್ತೆ ಏಳಲಿಲ್ಲ. ಹೃದಯಾಘಾತ ಅಂದರು. ನಿವೃತ್ತಿ ಇನ್ನೂ ದೂರವಿತ್ತು. ಅವರ ಪಿಎಚ್.ಡಿ. ಮುಗಿದಿರಲಿಲ್ಲ. ಮುಗಿಯದೇ ಇದ್ದದ್ದು ಅವರಿಂದಲ್ಲ, ನಮ್ಮಿಂದ. ಇವತ್ತು ನಾನು ಹೇಳಬೇಕಾಗಿರುವುದು ಅದನ್ನೇ.

ಮದ್ದೂರಿನ ಹೆದ್ದಾರಿ ಪಕ್ಕ ಎಳನೀರು ಕುಡಿದು ಎಸೆದ ಬುರುಡೆಗಳ ರಾಶಿ ನೀವೆಲ್ಲ ನೋಡಿದ್ದೀರಿ. ನಾವು ಮೂಗು ಮುಚ್ಚಿಕೊಂಡು ಹೋಗುತ್ತೇವೆ. ಈ ಪುಣ್ಯಾತ್ಮ ಸ್ಕೂಟರ್ ನಿಲ್ಲಿಸುತ್ತಿದ್ದರು! ಬುರುಡೆಗಳನ್ನು ಚೀಲಕ್ಕೆ ತುಂಬಿ ಲ್ಯಾಬಿಗೆ ತಂದು, ಕೊಚ್ಚಿ, ಕುದಿಸಿ, ಸೋಸಿ, ಬಣ್ಣ ಕಚ್ಚಲೆಂದು ಪಟಿಕ ಬೆರೆಸಿ ರೇಷ್ಮೆಗೆ ಬಣ್ಣ ಹಾಕುತ್ತಿದ್ದರು. ಹದವಾಗಿ ಇಳಿಸಿದ ಬೆಲ್ಲದ ಬಣ್ಣ. ಅದೇ ಅವರ ಸಂಶೋಧನೆ. ಬಾಟಲಿಯಲ್ಲಿ ತಯಾರಿಸಿದ ಕೃತಕ ಬೆವರು ಹಚ್ಚಿ ನೋಡುವುದೂ ಸೇರಿ ಲ್ಯಾಬಿನ ಪರೀಕ್ಷೆಗಳೆಲ್ಲ ಆಗಿದ್ದವು. ಪ್ರಬಂಧ ಸಲ್ಲಿಸಿಬಿಡಿ ಎಂದು ಮಾರ್ಗದರ್ಶಕರೇ ಗೋಗರೆಯುತ್ತಿದ್ದರು. ನಾನೂ ಬೈದಿದ್ದೇನೆ. ಆಗ ಅವರು ಹೀಗೆ ಕನ್ನಡಕ ಮೇಲೆತ್ತಿ ನಗುತ್ತಿದ್ದರು —

"ಬಾಟ್ಲಿ ಬೆವ್ರು ಬೆವ್ರಲ್ಲ ಕಣಪ್ಪ. ಮನ್ಸರ ಮೈಮ್ಯಾಲೆ ಬಣ್ಣ ನಿಂತದಾ ಅಂತ ಗೊತ್ತಾಗ್ಬೇಕು. ಆಮ್ಯಾಕೆ ಕೊಡವ."

ನಮ್ಮಲ್ಲಿ ಯಾರಿಗೆ ಡಾಕ್ಟರೇಟ್ ಬಂದರೂ ಈ ಸಭಾಂಗಣದಲ್ಲೇ ಶಾಲು ಹೊದಿಸುತ್ತೇವೆ. ಕೆಲವು ವರ್ಷಗಳಿಂದ ಆ ಶಾಲು ನಜೀರ್ ಸರ್ ಅವರದ್ದೇ. ಅವರೇ ಬಣ್ಣ ಹಾಕಿ, ಅವರೇ ಇಸ್ತ್ರಿ ಮಾಡಿ ತರುತ್ತಿದ್ದರು. ಅಲ್ಲಿ ಕುಳಿತಿದ್ದಾರಲ್ಲ ಸೌಮ್ಯ ಮೇಡಂ, ಈಗ ಮಳವಳ್ಳಿಯಲ್ಲಿ ಬಿ.ಇಡಿ. ಹೇಳಿಕೊಡುತ್ತಾರೆ, ಅವರಿಗೆ ಒಂದು. ನನಗೆ ಒಂದು. ಇನ್ನೂ ಕೆಲವರಿಗೆ ಸಿಕ್ಕಿದೆ, ನಿಮಗೇ ಗೊತ್ತು.

ಅದಾದ ಮೇಲೆ ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: "ಏನಪ್ಪ ಚಲುವರಾಜು, ಸಾಲು ಒಗುದ್ಯಾ?"

ನಾನು ಎದೆ ಉಬ್ಬಿಸಿಕೊಂಡು ಹೇಳುತ್ತಿದ್ದೆ: "ಎಲ್ಲಾರಾ ಉಂಟಾ ಸಾ! ನೀವು ಕೊಟ್ಟಿರೋ ಸಾಲು. ನುಸಿಗುಳಿಗೆ ಆಕಿ ಬೀರುನಲ್ಲಿ ಬದ್ರವಾಗಿ ಮಡ್ಗಿವ್ನಿ."

"ಓ... ಅಂಗಾ. ಸರಿ ಬುಡು" ಎನ್ನುತ್ತಿದ್ದರು. ನನ್ನ ಭುಜ ತಟ್ಟಿ ಲ್ಯಾಬಿನ ಕಡೆ ಹೋಗುತ್ತಿದ್ದರು. ನಾನು ತೋರಿದ ಗೌರವಕ್ಕೆ ಅವರಿಗೆ ಸಂತೋಷವಾಯಿತು ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಂಡಿದ್ದೆವು.

ಮಣ್ಣಾದ ಮಾರನೆಯ ದಿನ ನಾನು ಮದ್ದೂರಿನ ಮನೆಗೆ ಹೋದೆ. ಖುರ್ಷೀದಕ್ಕ ಟೀ ತಂದಿಟ್ಟು, ಬಾಗಿಲ ಪಕ್ಕ ನಿಂತು ಕೇಳಿದರು — ಅಕ್ಕ, ಹೇಳಬಹುದಾ? ... ಹೇಳುತ್ತೇನೆ.

"ಅಣ್ಣ, ಬೇಜಾರ್ ಮಾಡ್ಕಬೇಡಿ. ನಿಮಗೆ ಆ ಸಾಲಿನ ಬಣ್ಣ ಇಡುಸ್ನಿಲ್ವಾ? ಒಂದ್ ದಿನಾನೂ ಒದ್ಕನಿಲ್ವಂತೆ?"

ನನಗೆ ಅರ್ಥವಾಗಲಿಲ್ಲ. ಆಮೇಲೆ ಅಕ್ಕನೇ ಬಿಡಿಸಿ ಹೇಳಿದರು. "ಮಂಡ್ಯದ ನಲ್ಲಿ ನೀರು, ಮಳವಳ್ಳಿ ಬೋರ್ ನೀರು, ನಮ್ ಮದ್ದೂರ್ ನೀರು — ಎಲ್ಲಾದ್ರಲ್ಲೂ ಒಗುದ್ರೆ ಬಣ್ಣ ಏನಾಯ್ತದೆ ಅಂತ ಅವ್ರು ನೋಡ್ಬೇಕಿತ್ತು ಕಣಣ್ಣ. ಅದಕ್ಕೇ ನಿಮಗೆಲ್ಲ ಕೊಟ್ಟಿದ್ದು. ಕಡೀಗೆ ನಂದೊಂದೇ ಒಗ್ದಿದ್ದು."

"ಮತ್ಯಾಕಕ್ಕ ಬಾಯ್ಬುಟ್ಟು ಏಳ್ನಿಲ್ಲ?"

"ಏಳುದ್ರೆ ನಾಜೂಕಾಗಿ ಒಗ್ದ್‌ಬುಡ್ತಾರೆ, ದಿನಾ ಬಟ್ಟೆ ಒಗ್ದಂಗೆ ಒಗುದ್ರೇನೇ ದಿಟ ಗೊತ್ತಾಗೋದು ಅನ್ನೋರು. ಅಲ್ದೆ ಸನ್ಮಾನ ಮಾಡಿ ಕೊಟ್ಟಿದ್ದ, ತಕೊಂಡೋಗಿ ಒಗೀರಿ ಅಂತ ಎಂಗ್ ಅನ್ಲಿ ಅನ್ನೋರು."

ಸ್ನೇಹಿತರೇ, ಸ್ವಲ್ಪ ಯೋಚಿಸಿ. ಸೌಮ್ಯ ಮೇಡಂ ಡಾಕ್ಟರೇಟ್ ಮಾಡಿದ್ದು ಯಾವುದರ ಮೇಲೆ? ಹಳ್ಳಿ ಶಾಲೆಗಳಲ್ಲಿ ವಿಜ್ಞಾನದ ಸಾಮಾನು ಒಡೆದುಹೋದೀತು ಅಂತ ಬೀರುವಿಗೆ ಬೀಗ ಹಾಕಿಡುತ್ತಾರೆ, ಮಕ್ಕಳು ಕೈಯಲ್ಲಿ ಮುಟ್ಟುವುದೇ ಇಲ್ಲ — ಅದರ ಮೇಲೆ. ನಾನು ಮಾಡಿದ್ದು? ದೊಡ್ಡ ಕಂಪನಿಗಳು ಲಾಭದ ಹಣ ಹೂಡದೆ ಸುಮ್ಮನೆ ಕೂಡಿಟ್ಟರೆ ಏನು ನಷ್ಟ ಅಂತ. ದಪ್ಪ ದಪ್ಪ ಪ್ರಬಂಧ ಬರೆದೆವು. ಅದಕ್ಕೇ ಶಾಲು ಹೊದಿಸಿಕೊಂಡೆವು. ಹೊದ್ದ ಶಾಲನ್ನು ಮನೆಗೆ ಒಯ್ದು ಬೀರುವಿನಲ್ಲಿಟ್ಟು ಬೀಗ ಹಾಕಿದೆವು! ನಗು ಬಂದರೆ ನಕ್ಕುಬಿಡಿ. ನಜೀರ್ ಸರ್ ಇದ್ದಿದ್ದರೆ ಅವರೇ ಮೊದಲು ನಗುತ್ತಿದ್ದರು.

ಮೊನ್ನೆ ಭಾನುವಾರ ನಾನು ಶಾಲು ತೆಗೆದೆ. ಬಕೆಟ್ಟಿಗೆ ನಮ್ಮ ಮಂಡ್ಯದ ನಲ್ಲಿ ನೀರು ಹಿಡಿದು, ಬಟ್ಟೆ ಸೋಪು ಹಾಕಿ, ನನ್ನ ಅಂಗಿ ಒಗೆಯುವ ಹಾಗೇ ಕುಕ್ಕಿ ಒಗೆದೆ. ನೀರು ತೆಳು ಟೀ ಬಣ್ಣಕ್ಕೆ ತಿರುಗಿತು. ಮನಸ್ಸು ಕುಸಿಯಿತು. ಮಳವಳ್ಳಿಗೆ ಫೋನ್ ಮಾಡಿದೆ. ಅಕ್ಕ ಹೇಳಿದ್ದನ್ನು ಮೊದಲೇ ತಿಳಿಸಿದ್ದೆ, ಸೌಮ್ಯ ಮೇಡಂ ಕೂಡ ಅವತ್ತೇ ಒಗೆದಿದ್ದರು. "ಸರ್, ನಮ್ ಬೋರ್ ನೀರಲ್ಲಿ ಒಂದ್ ಚೂರೂ ಬಿಟ್ಟಿಲ್ಲ. ನೀರು ತಿಳಿಯಾಗೇ ಅದೆ" ಅಂದರು.

ಮಂಡ್ಯದ ನೀರಿನಲ್ಲಿ ಬಿಡುತ್ತದೆ, ಮಳವಳ್ಳಿಯ ನೀರಿನಲ್ಲಿ ಬಿಡುವುದಿಲ್ಲ! ಯಾಕೆ ಅಂತ ನನಗೆ ಗೊತ್ತಿಲ್ಲ, ನಾನು ಕಾಮರ್ಸಿನವನು. ಯಾರಿಗೆ ಗೊತ್ತಿರುತ್ತದೋ ಅವರಿಗೆ ಹೇಳೋಣ ಅಂತ ಒದ್ದೆ ಕೈಯಲ್ಲೇ ನಜೀರ್ ಸರ್ ನಂಬರ್ ಒತ್ತಿದೆ. ರಿಂಗ್ ಆಗುವಾಗಲೂ ನೆನಪಾಗಲಿಲ್ಲ. ಎತ್ತಿದ್ದು ನಾಜಿಮಾ. "ಹಲೋ, ಅಂಕಲ್" ಅಂದಾಗ — ಆಗ ನೆನಪಾಯಿತು.

ಆದರೂ ಹೇಳಿದೆ. ಎರಡು ನೀರಿನ ವಿಷಯವನ್ನೂ ಹೇಳಿದೆ. ಮಗು "ಅಂಕಲ್, ಅಬ್ಬಾ ಇಷ್ಟಕ್ಕೇ ಕಾಯ್ತಾ ಇದ್ದಿದ್ದು" ಅಂದಳು.

ಇಷ್ಟಕ್ಕೇ. ಒಂದು ಬಕೆಟ್ ನೀರಿಗೆ. ಅಷ್ಟು ವರ್ಷ ದಿನಾ ಎದುರಿಗೆ ಸಿಗುತ್ತಿದ್ದರು, ದಿನಾ ಕೇಳುತ್ತಿದ್ದರು. ನಮಗೆ ಉತ್ತರ ಕೊಡಲಾಗಲಿಲ್ಲ. ಈಗ ಉತ್ತರ ಕೈಯಲ್ಲಿದೆ, ಕೇಳುವವರಿಲ್ಲ. ಇದು ನನ್ನನ್ನು ಬಹಳ ಸುಡುತ್ತಿದೆ.

ಭಾವಚಿತ್ರಕ್ಕೆ ಹಾಕಲು ಅಂತ ಕಾಲೇಜಿನವರು ಹೊಸ ಶಾಲು ತಂದಿದ್ದಾರೆ. ದಯವಿಟ್ಟು ಬೇಡ. ಗೋಡೆಯ ಮೇಲೆ ಇನ್ನೊಂದು ಶಾಲು ಸುಮ್ಮನೆ ಕೂರುವುದು ಬೇಡ. ನೋಡಿ, ಖುರ್ಷೀದಕ್ಕ ತಮ್ಮದನ್ನು ಹೊದ್ದು ಬಂದಿದ್ದಾರೆ. ಎಷ್ಟು ಸಲ ಒಗೆದಿದ್ದಾರೋ — ಬಣ್ಣ ಸ್ವಲ್ಪ ಮಾಸಿದೆ, ಹೋಗಿಲ್ಲ. ಸೌಮ್ಯ ಮೇಡಂ ಹೊದ್ದಿದ್ದಾರೆ. ನಾನೂ ಹೊದ್ದಿದ್ದೇನೆ. ಮನೆಯಲ್ಲಿ ಇಟ್ಟಿರುವವರು ಇವತ್ತೇ ಹೊರಗೆ ತೆಗೆಯಿರಿ. ಬಿಸಿಲಿಗೆ ಹೊದೆಯಿರಿ, ಬಸ್ಸಿನಲ್ಲಿ ಹೊದೆಯಿರಿ, ಒಗೆಯಿರಿ. ಏನಾಯಿತು ಅಂತ ನಾಜಿಮಾಗೆ ಹೇಳಿ.

ಈಗ ಎಲ್ಲರೂ ಎದ್ದು ನಿಲ್ಲೋಣ. ಒಂದು ನಿಮಿಷ ಅವರವರ ದೇವರನ್ನು ನೆನೆದು ಮೌನವಾಗಿರೋಣ. ಶಾಲು ಹೊದ್ದವರು ಅದರ ಅಂಚು ಜೋಪಾನ ಮಾಡಬೇಡಿ. ಕಣ್ಣೀರು ಬಿದ್ದರೆ ಬೀಳಲಿ, ಅದರಲ್ಲೇ ಒರೆಸಿಕೊಳ್ಳಿ. ಕಣ್ಣೀರಿಗೆ ಬಣ್ಣ ನಿಲ್ಲುತ್ತದೋ ಇಲ್ಲವೋ, ಇದ್ದಿದ್ದರೆ ಅದನ್ನೂ ಅವರು ಕೇಳುತ್ತಿದ್ದರು.

ಏಳಿ.