ಅಕ್ಕನಿಗೆಂದು ಬಂದ ಸೀರೆ

"ಹಲೋ... ಹಲೋ, ಯಾರು ಮಾತಾಡುದು? ಬಂಟ್ವಾಳ ಭೋಜ ಶೆಟ್ರ ಅಕ್ಕಿ ಮಿಲ್ಲಾ? ... ಹಾಂ, ನಾನು ಪುತ್ತಿಗೆಯ ಜಲಜಾಕ್ಷಿ. ಶೆಟ್ರ ಹೆಂಡತಿಯ ಅಕ್ಕ. ... ಶೆಟ್ರು ಬೇಡ ಮಾರಾಯ್ರೆ, ಸ್ವರ್ಣಲತಾಳನ್ನು ಕರೀರಿ. ... ಮನೆ ಅಲ್ಲೇ ಹಿಂದೆ ಅಲ್ವಾ? ಸ್ವಲ್ಪ ಓಡಿಕೊಂಡು ಹೋಗಿ, ಟ್ರಂಕ್ ಕಾಲ್ ಇದು!"

ಫೋನಿನಲ್ಲಿ ಕೂಗಬೇಕಿಲ್ಲ ಎಂದು ಮೂಡಬಿದ್ರೆಯ ಪೋಸ್ಟ್ ಮಾಸ್ಟರ್ ಸುಬ್ಬಯ್ಯನವರು ಎಷ್ಟು ಹೇಳಿದರೂ ಅಷ್ಟೆ. ಬಂಟ್ವಾಳವೇನು ಪಕ್ಕದ ಮನೆಯೇ, ಕೂಗದಿದ್ದರೆ ಕೇಳುವುದು ಹೇಗೆ ಎಂಬುದು ಜಲಜಾಕ್ಷಿಯ ವಾದ. ಕಂಕುಳಲ್ಲಿ ಬಟ್ಟೆಯ ಕಟ್ಟು, ಮುಖದ ತುಂಬ ನಗು. ಪುತ್ತಿಗೆಯಿಂದ ಬಿಸಿಲಲ್ಲಿ ನಡೆದು ಬಂದ ದಣಿವೇ ಅವಳಿಗಿರಲಿಲ್ಲ. ಕಾರ್ಡು ಕೊಳ್ಳಲು ಬಂದವರಿಬ್ಬರು ಕೊಂಡಾದ ಮೇಲೂ ಹೊರಡದೆ ನಿಂತಿದ್ದರು.

"ಹಲೋ... ಸ್ವರ್ಣಾ? ನಾನೇ ಮಾರಾಯ್ತಿ, ಅಕ್ಕ. ... ಯಾರಿಗೂ ಎಂತ ಆಗ್ಲಿಲ್ಲ, ಹೆದರ್ಬೇಡ. ಸೀರೆ ಬಂತು! ... ಸೀರೆ, ಸೀರೆ! ನಮ್ಮ ಶೇಖರ ಬಂಟ್ವಾಳದಲ್ಲಿ ತೆಗೆದ ಸೀರೆ! ನಿನ್ನೆ ಬಸ್ಸಿನಲ್ಲಿ ಬಂತು. ಕಂಡಕ್ಟರ್ ಅಂಗಳದವರೆಗೆ ತಂದು ಕೊಟ್ಟ. 'ಇದು ಶೇಖರನ ಅಕ್ಕನಿಗೆ, ಜಾಗ್ರತೆ' ಅಂತ ಜವಳಿ ಅಂಗಡಿಯ ರವೂಫ್ ಸಾಯ್ಬ್ರು ಹೇಳಿ ಕಳಿಸಿದ್ರಂತೆ."

"ಕೇಳ್ತಾ ಉಂಟಾ? ಬನಾರಸ್, ಮಾರಾಯ್ತಿ! ಬದನೆ ಬಣ್ಣ, ಅಂಗೈ ಅಗಲ ಜರಿ. ತಮ್ಮನ ಮದುವೆಗೆ ಎಂತ ಉಡುದು ಅಂತ ನಾನು ತಿಂಗಳಿಂದ ಪೆಟ್ಟಿಗೆ ಮಗುಚಿ ನೋಡಿದ್ದೇ ನೋಡಿದ್ದು. ಹಸಿರು ಉಟ್ಟರೆ ಮುಖ ಕಪ್ಪು ಕಾಣ್ತದೆ. ಕೆಂಪಿನದ್ದಕ್ಕೆ ಹುಳ ಹಿಡಿದಿದೆ. ನನ್ನ ಧಾರೆ ಸೀರೆ ಮಡಿಕೆ ಮಡಿಕೆಯಲ್ಲಿ ಹರಿದು ಹೋಗಿದೆ. ಮದುಮಗನ ಅಕ್ಕ ಹರಿದ ಸೀರೆಯಲ್ಲಿ ತಟ್ಟೆ ಹಿಡಿದುಕೊಂಡು ಹೋಗ್ಲಿಕ್ಕೆ ಆಗ್ತದಾ? ನೀನೇ ಹೇಳು."

ಅವರ ಕುಟುಂಬದಲ್ಲಿ ಧಾರೆಯ ಸೀರೆಯನ್ನು ತಟ್ಟೆಯಲ್ಲಿಟ್ಟು ಮದುಮಗಳ ಕೋಣೆಗೆ ಒಯ್ಯುವವಳು ಮದುಮಗನ ಅಕ್ಕ. ಅವಳೇ ಅದನ್ನು ಉಡಿಸಬೇಕು, ಅವಳ ಕೈ ತಾಗಿದ ಮೇಲೆಯೇ ಹುಡುಗಿ ಮನೆಯವಳಾಗುವುದು. ಸ್ವರ್ಣಲತಾಳನ್ನು ಹೆತ್ತು ತಾಯಿ ತೀರಿಕೊಂಡಾಗ ಶೇಖರ ಇನ್ನೂ ತಪ್ಪುಹೆಜ್ಜೆ ಇಡುತ್ತಿದ್ದ. ಇಬ್ಬರನ್ನೂ ಎರಡು ಸೊಂಟದಲ್ಲಿ ಹೊತ್ತು ಬೆಳೆಸಿದವಳು ಜಲಜಾಕ್ಷಿ. ತನಗೆ ಮಕ್ಕಳಾಗಲಿಲ್ಲವೆಂಬ ಕೊರಗನ್ನು ಅವಳು ಆ ತಟ್ಟೆಯ ಕನಸಿನಲ್ಲಿ ಮರೆತಿದ್ದಳು. ಗಂಡ ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದ. ನಾಲ್ಕು ಮಳೆಗಾಲ ಕಳೆದರೂ ಊರ ಕಡೆ ತಲೆ ಹಾಕಿರಲಿಲ್ಲ. ತಮ್ಮನನ್ನು ಅವನ ಹೋಟೆಲಿಗೆ ಕೆಲಸಕ್ಕೆ ಕಳಿಸಿದವಳೂ ಇವಳೇ.

"ನಿನ್ನ ಭಾವ ಯಾವಾಗ ಬರುದಂತೆ? ... ಬಂದಾಯ್ತಾ! ಎಲ್ಲಿದ್ದಾರೆ? ... ನಿಮ್ಮಲ್ಲಾ? ... ಪುತ್ತಿಗೆಗೆ ಬಾರದೆ ನೇರ ಬಂಟ್ವಾಳಕ್ಕಾ? ... ಇರ್ಲಿ, ಇರ್ಲಿ, ಮದುವೆಯ ಗಡಿಬಿಡಿ. ಹಾಗಾದ್ರೆ ಈ ಸೀರೆ ಅವರೇ ಆರಿಸಿದ್ದು! ನನಗೆ ನೋಡಿದ ಕೂಡ್ಲೇ ಅನಿಸಿತ್ತು. ಶೇಖರನಿಗೆ ಬಣ್ಣದ ವಿಷಯ ಎಂತ ಗೊತ್ತುಂಟು? ... ಫೋನು ಅವರಿಗೆ ಕೊಡು ಒಮ್ಮೆ. ... ಹೊರಗೆ ಹೋದ್ರಾ? ... ಯಾಕೆ ಸ್ವರ ಹಾಗುಂಟು ನಿನ್ನದ್ದು? ಶೀತವಾ?"

"ಒಂದೇ ಒಂದು ಉಪದ್ರ. ರವಕೆ. ಹೊಲಿಸಿಯೇ ಕಳಿಸಿದ್ದಾರೆ, ಆದ್ರೆ ನನ್ನ ಕೈ ಮೊಣಗಂಟು ದಾಟುದಿಲ್ಲ. ... ನಾನು ದಪ್ಪ ಆದದ್ದಲ್ಲ, ನಗ್ಬೇಡ! ... ನಗ್ಲಿಲ್ವಾ? ... ನಿನ್ನದ್ದೇ ತಪ್ಪಿ ಬಂತೋ ಅಂತ ನೋಡಿದೆ. ಎರಡು ಹೆತ್ತ ಮೇಲೆ ನೀನೂ ಅದರೊಳಗೆ ಹೋಗ್ಲಿಕ್ಕಿಲ್ಲ. ಯಾವುದೋ ಕಡ್ಡಿಯಂಥವಳ ಅಳತೆ ಅದು."

"ಎಂತ? ... ವಾಪಸು ಕಳಿಸುದಾ? ... ರವಕೆ ಅಲ್ವಾ? ... ಸೀರೆಯೂ? ಸೀರೆ ಯಾಕೆ? ... ತಪ್ಪಿ ಬಂದದ್ದಾ? ಎಂತ ತಪ್ಪು? ರವೂಫ್ ಸಾಯ್ಬ್ರು ನಮ್ಮ ಮನೆಗೆ ಬಟ್ಟೆ ಕೊಡ್ಲಿಕ್ಕೆ ಇವತ್ತು ಹೊಸತಾಗಿ ಸುರು ಮಾಡಿದ್ದಾ? ... ನನಗೆ ಬೇರೆ ತೆಗೆದಿಟ್ಟದ್ದುಂಟಾ? ಯಾವ ಬಣ್ಣ? ... ಬೂದಿ? ... ನೂಲಿನದ್ದಾ?"

ಜಲಜಾಕ್ಷಿಯ ನಗು ಮುಖದ ಮೇಲೆ ಹಾಗೆಯೇ ಇತ್ತು. ಅದನ್ನು ಎಲ್ಲಿಡುವುದೆಂದು ಅವಳಿಗೇ ತಿಳಿಯಲಿಲ್ಲ. ಕಂಕುಳಿನ ಕಟ್ಟನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು.

"ಹಾಗಾದ್ರೆ ಇದು ಯಾರಿಗೆ, ಸ್ವರ್ಣಾ? ... ಹುಡುಗಿಗಾ? ಹುಡುಗಿಯ ಧಾರೆ ಸೀರೆ ನನ್ನ ಪೆಟ್ಟಿಗೆಯಲ್ಲೇ ಉಂಟಲ್ವಾ. ... ಮತ್ತೆ ಯಾರಿಗೆ? ... ನೋಡು, ಶೇಖರ ಅಂಗಡಿಯಲ್ಲಿ 'ಇದು ಅಕ್ಕನಿಗೆ' ಅಂತ ಹೇಳಿದ್ದು ಹೌದಾ ಅಲ್ವಾ? ... ಹೌದು. ಅವನಿಗಿರುವ ಅಕ್ಕ ನಾನೊಬ್ಬಳೇ. ನೀನು ತಂಗಿ. ಬೇರೆ ಅಕ್ಕ ಎಲ್ಲಿಂದ ಬಂದಳು?"



"ಬಾಯಿ ಬಿಡು ಮಾರಾಯ್ತಿ, ಕರೆ ಮುಗೀತದೆ! ... ಹಾಂ? ... ನಿನ್ನ ಭಾವನ ಜೊತೆಗೆ ಬಂದವರಾ? ... ಬಂದವರಲ್ಲ, ಬಂದವಳು. ಸರಿ. ಯಾರವಳು? ... ಶಶಿಪ್ರಭಾ. ಯಾವ ಶಶಿಪ್ರಭಾ? ... ಹೋಟೆಲಿನ ಮಾಳಿಗೆಯಲ್ಲಿ? ... ಒಟ್ಟಿಗೇ? ... ಎಷ್ಟು ಸಮಯದಿಂದ?"

ಅವಳ ಸ್ವರ ಆಗ ಮೊದಲ ಸಲ ತಗ್ಗಿತು. ಸುಬ್ಬಯ್ಯನವರು ಮುದ್ರೆ ಒತ್ತುತ್ತಿದ್ದ ಕೈ ನಿಲ್ಲಿಸಿ ತಲೆಯೆತ್ತಿ ನೋಡಿದರು. ಕಾರ್ಡು ಹಿಡಿದು ನಿಂತವರಿಗೆ ಕಣ್ಣಲ್ಲೇ ಹೋಗಿ ಎಂದರು.

"ನಾಲ್ಕು ವರ್ಷ. ... ಶೇಖರನಿಗೆ ಮೊದಲಿನಿಂದಲೂ ಗೊತ್ತಿತ್ತು ಅಲ್ವಾ? ... ಅವಳು ಬಡಿಸಿದ್ದು ಉಂಡು, ಕೈ ತೊಳೆದು, ನನಗೆ ಕಾಗದ ಬರೀತಿದ್ದ. 'ಭಾವ ಸೌಖ್ಯ, ಕೆಲಸ ಜಾಸ್ತಿ.' ನಾನು ಆ ಕಾಗದವನ್ನು ದೇವರ ಮುಂದೆ ಇಡ್ತಿದ್ದೆ. ... ಗಂಡಸರ ಕತೆ ಬಿಡು. ಕಟ್ಟಿಕೊಂಡವನು ಕೈ ಬಿಟ್ಟ ಹೆಂಗಸು ನಾನೊಬ್ಬಳೇ ಅಲ್ಲ. ಆದ್ರೆ ಇವನು ನನ್ನ ಸೊಂಟದ ಮೇಲೆ ಕೂತು ಬೆಳೆದವನು. ಉಂಡ ಮನೆಗೇ ಎರಡು ಬಗೆದನಲ್ಲ!"

"ಅದೆಲ್ಲ ಇರ್ಲಿ. ರವಕೆಯ ಅಳತೆ ಕೊಟ್ಟದ್ದು ಯಾರು? ... ಅಳತೆ, ಅಳತೆ. ದರ್ಜಿಗೆ ಯಾರು ಕೊಟ್ಟದ್ದು? ... ಜೋರಾಗಿ ಹೇಳು. ... ನೀನಾ?"

"ಅವಳನ್ನು ನಿಲ್ಲಿಸಿ, ಮೈ ಮುಟ್ಟಿ ಅಳತೆ ತೆಗೆದ್ಯಾ? ... ನಿನ್ನ ಚಾವಡಿಯಲ್ಲಿ? ... ನನ್ನನ್ನು ಒಮ್ಮೆಯಾದ್ರೂ ನೆನೆದ್ಯಾ ಸ್ವರ್ಣಾ? ನಿನ್ನ ಧಾರೆಗೆ ರವಕೆ ನಾನು ಕೈಯಲ್ಲೇ ಹೊಲಿದದ್ದು, ನೆನಪುಂಟಾ ನಿನಗೆ?"

"ತಟ್ಟೆ? ... ತಟ್ಟೆ ಯಾರು ಹಿಡಿಯುದು? ... ಕೇಳ್ಲಿಕ್ಕೆ ಎಂತ ಉಂಟು ಅಲ್ವಾ, ಸೀರೆಯೇ ಹೇಳ್ತದೆ. ... ಹುಡುಗಿಯ ಅಪ್ಪ ಅಮ್ಮ ಮುಂಬಯಿಯಲ್ಲೇ ಇದ್ದವರು. ಅವರು ಅಲ್ಲಿ ನೋಡಿದ್ದು ಆ ಶಶಿಪ್ರಭಾಳನ್ನೇ. ಹೌದು. ಚಾ ಕೊಟ್ಟದ್ದೂ ಅವಳೇ. ... ಅವಳನ್ನೇ ಶೇಖರನ ಅಕ್ಕ ಅಂತ ಹೇಳಿದ್ದಾ? ... ಸಂಬಂಧ ತಪ್ಪೀತು ಅಂತ? ... ಆಮೇಲೆ ತಿದ್ದಲಿಕ್ಕೆ ಆಗ್ಲಿಲ್ವಾ?"

"ಹಾಗಾದ್ರೆ ನಾನು? ಬೂದಿ ಬಣ್ಣದ ಸೀರೆ ಉಟ್ಟು ಮೂಲೆಯಲ್ಲಿ ಕೂತವಳು ಯಾರು ಅಂತ ಬೆಳ್ತಂಗಡಿಯಲ್ಲಿ ಹುಡುಗಿಯವರ ಊರಿನ ಚಪ್ಪರದಲ್ಲಿ ಕೇಳಿದ್ರೆ? ಎಂತ ಹೇಳುದು ಅಂತ ಮಾತಾಡಿಕೊಂಡಿದ್ದೀರಿ? ... ಹೇಳು. ನಾನು ಕೇಳಿ ಸಾಯುದಿಲ್ಲ. ... ದೂರದ ಸಂಬಂಧ."

ಜಲಜಾಕ್ಷಿ ಆ ಮಾತನ್ನು ಇನ್ನೊಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು. ಗಂಡನ ಸುದ್ದಿ ಕೇಳಿದಾಗ ಎದೆ ಉರಿದಿತ್ತು. ಇದನ್ನು ಕೇಳಿದಾಗ ಉರಿಯೂ ಇಲ್ಲ, ಮೈ ಸುಮ್ಮನೆ ತಣ್ಣಗಾಯಿತು. ಕಂಕುಳಿನ ಕಟ್ಟನ್ನು ತೆಗೆದು ಸುಬ್ಬಯ್ಯನವರ ಮೇಜಿನ ಮೇಲಿಟ್ಟಳು. ಅದನ್ನು ಮುಟ್ಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಅಳ್ಬೇಡ. ಅಳುದಾದ್ರೆ ನಾನು ಅಳ್ಬೇಕು, ನನಗೇ ಬರುದಿಲ್ಲ. ... ನಾನು ಬರುದಿಲ್ಲ ಅಂತ ಯಾರು ಹೇಳಿದ್ದು? ... ಧಾರೆ ಸೀರೆ ಕೊಡುದಿಲ್ಲ ಅಂತ ಹೆದರಿದ್ಯಾ? ಆ ಹುಡುಗಿ ಎಂತ ಪಾಪ ಮಾಡಿದೆ? ಕೊಡ್ತೇನೆ. ಆದ್ರೆ ಬಸ್ಸಿನಲ್ಲಿ ಕಳಿಸುದಿಲ್ಲ, ಯಾರ ಕೈಯಲ್ಲೂ ಕೊಡುದಿಲ್ಲ. ನಾನೇ ತರುದು."

"ನಿಮ್ಮ ಬನಾರಸ್ ಇವತ್ತೇ ವಾಪಸು ಬರ್ತದೆ, ಅವಳಿಗೆ ಉಡಿಸು. ಬೂದಿ ಬಣ್ಣದ್ದು ನೀನೇ ಇಟ್ಟುಕೋ. ನನಗೆ ಯಾವ ಸೀರೆ ಅಂತ ಗೊತ್ತಾಯ್ತು. ತಿಂಗಳಿಂದ ಹುಡುಕಿದ್ದಲ್ವಾ, ಈಗ ಸಿಕ್ಕಿತು. ನನ್ನ ಧಾರೆ ಸೀರೆ. ... ಹರಿದಿದ್ರೆ ಹರಿದಿರ್ಲಿ. ಅದನ್ನೇ ಉಟ್ಟು ತಟ್ಟೆ ಹಿಡಿದು ಚಪ್ಪರದ ನಡುವಿಂದ ನಡೀತೇನೆ. ಇದು ಯಾರ ಧಾರೆಯದ್ದು, ಯಾರು ಕೈ ಹಿಡಿದದ್ದು ಅಂತ ಹುಡುಗಿಯ ಅಮ್ಮ ಕೇಳಿಯೇ ಕೇಳ್ತಾರೆ. ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ. ... ಮರ್ಯಾದೆ? ಯಾರ ಮರ್ಯಾದೆ, ಸ್ವರ್ಣಾ?"

ಮಧ್ಯೆ ಎಕ್ಸ್‌ಚೇಂಜಿನವರ ಸ್ವರ ತೂರಿಬಂತು.

"ಮುಗೀತಾ? ... ಒಂದೇ ನಿಮಿಷ ಸ್ವಾಮಿ, ಕೈ ಮುಗೀತೇನೆ. ... ಸ್ವರ್ಣಾ, ಇದ್ದೀಯಾ? ನೀನಾದ್ರೂ ಚಪ್ಪರದಲ್ಲಿ ನನ್ನ ಹತ್ತಿರ ನಿಲ್ತೀಯಾ? ಅಷ್ಟೇ ಕೇಳುದು. ನಿಂತರೆ ಸಾಕು, ಎಂತದೂ ಹೇಳ್ಬೇಡ. ... ಹಾಂ? ... ಯಾರು ಕರೆದದ್ದು ನಿನ್ನನ್ನು? ಹಿಂದೆ ಯಾರೋ ಹೆಂಗಸು ಕರೆದ ಹಾಗೆ ಕೇಳಿತು."

"ಎಂತ ಅಂದಿ ಈಗ? ... 'ಬಂದೆ ಅಕ್ಕಾ' ಅಂತ ಅಂದ್ಯಾ? ... ನನಗಲ್ಲ ಅಲ್ವಾ ಅದು ಹೇಳಿದ್ದು? ... ಸ್ವರ್ಣಾ? ... ಹಲೋ... ಹಲೋ..."