ನಿರಂಜನ ಅವರ ಡೈನಮೋ

ಹೆಸರು: ಜಯಾ, ತಂದೆ ಲೇಟ್ ಶೇಷಗಿರಿ. ವಯಸ್ಸು: 54 ವರ್ಷ. ವೃತ್ತಿ: ಹೆಬ್ಬಾಳದ ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ವಾಸ: ಆರ್.ಟಿ. ನಗರ, ಬೆಂಗಳೂರು.

ಈ ದಿನ ಠಾಣೆಗೆ ಹಾಜರಾಗಿ, ಗುಜರಿ ಅಂಗಳದ ಅಪಘಾತದ ಬಗ್ಗೆ ನಾನು ಕಂಡು ಕೇಳಿದ್ದನ್ನು ಈ ಮೂಲಕ ತಿಳಿಸುವುದೇನೆಂದರೆ,

ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯವರು ಹಳೆಯ ಲ್ಯಾಬ್ ತೆರವು ಮಾಡಿ ಸಾಮಾನುಗಳನ್ನು ಗುಜರಿಗೆ ಮಾರಿದ್ದರು. ಅದರಲ್ಲಿ ಕೈಯಿಂದ ತಿರುಗಿಸುವ ಒಂದು ಡೈನಮೋ ಇತ್ತು. ಅದನ್ನು ಭೌತಶಾಸ್ತ್ರ ಶಿಕ್ಷಕರಾಗಿದ್ದ ನಿರಂಜನ ಅವರು ತಯಾರಿಸಿದ್ದರು. ಅದರ ತಾಮ್ರದ ತಂತಿಯನ್ನು ನಾನು ಸುತ್ತಿಕೊಟ್ಟಿದ್ದೆ. ನಿರಂಜನ ಅವರು ನಾಲ್ಕು ವರ್ಷಗಳ ಹಿಂದೆ ತೀರಿಕೊಂಡರು.

ಸಾಮಾನು ಗೊರಗುಂಟೆಪಾಳ್ಯದ ಬಳಿ ಬಾಲರಾಜು ಎಂಬುವರ ಅಂಗಳಕ್ಕೆ ಹೋಗಿದೆ ಎಂದು ಶಾಲೆಯ ಕಚೇರಿಯಲ್ಲಿ ತಿಳಿಯಿತು. ದಿನಾಂಕ 11ರ ಮಂಗಳವಾರ ಬೆಳಿಗ್ಗೆ ಸುಮಾರು 11 ಗಂಟೆಗೆ ನಾನು ಅಲ್ಲಿಗೆ ಹೋದೆನು. ಆಗ ಕ್ರೇನ್ ನಡೆಸುವ ಫೈಜಾನ್ ಎಂಬುವರು ಬಾಲರಾಜು ಅವರೊಂದಿಗೆ ಮಾತಾಡುತ್ತಿದ್ದರು. ಕಬ್ಬಿಣ ಎತ್ತುವ ಕ್ರೇನಿನ ವಿದ್ಯುತ್ ಮ್ಯಾಗ್ನೆಟ್ಟಿನ ಬ್ಯಾಟರಿಯಲ್ಲಿ ಚಾರ್ಜ್ ನಿಲ್ಲುತ್ತಿಲ್ಲ, ಕರೆಂಟ್ ಹೋದರೆ ಲೋಡ್ ಬೀಳುತ್ತದೆ, ಹೊಸದು ಹಾಕಿಸಿ ಎಂದು ಕೇಳುತ್ತಿದ್ದರು. ಬಾಲರಾಜು ಅವರು, "ಈ ಲಾರಿ ಹೋಗ್ಲಿ, ಆಮೇಲ್ ನೋಡಣ" ಎಂದರು. ಈ ಮಾತನ್ನು ನಾನು ಸ್ಪಷ್ಟವಾಗಿ ಕೇಳಿದ್ದೇನೆ.

ನಾನು ಬಂದ ಕಾರಣ ಹೇಳಿದಾಗ ಫೈಜಾನ್ ಅವರು, ರಾಶಿ ಹತ್ತಬೇಡಿ ಎಂದು ನನ್ನನ್ನು ದೂರ ನಿಲ್ಲಿಸಿ, ಶಾಲೆಯ ಬೆಂಚುಗಳ ಕಬ್ಬಿಣವನ್ನು ಕ್ರೇನಿನ ಮ್ಯಾಗ್ನೆಟ್ಟಿನಿಂದ ಪದರ ಪದರವಾಗಿ ಎತ್ತಿದರು. ಕೊನೆಗೆ ಡೈನಮೋ ಮ್ಯಾಗ್ನೆಟ್ಟಿಗೆ ಅಂಟಿಕೊಂಡು ಮೇಲೆ ಬಂತು. ಅದನ್ನು ನೆಲದವರೆಗೆ ಇಳಿಸಿ ಕರೆಂಟ್ ನಿಲ್ಲಿಸಿದೊಡನೆ ಬಿಟ್ಟುಕೊಂಡಿತು. ಅಲ್ಲಿನ ಕೆಲಸಗಾರ ಬೈರಣ್ಣ, ಸುಮಾರು 50 ವರ್ಷ, ಅದನ್ನು ಒರೆಸಿ ನನ್ನ ಮುಂದೆ ಇಟ್ಟರು.

ನಾನು ಕೂತು ಹ್ಯಾಂಡಲ್ ತಿರುಗಿಸಿದೆನು. ಬಲ್ಬ್ ಇಲ್ಲದ್ದರಿಂದ ಅದು ಸಲೀಸಾಗಿ ತಿರುಗಿತು. ಬಲ್ಬ್ ಉರಿಯುವಾಗ ಅದು ಕೈಗೆ ಭಾರವಾಗಬೇಕು. ನಮ್ಮ ತೋಳಿನ ಶ್ರಮವೇ ಅಲ್ಲಿ ಬೆಳಕಾಗುವುದು ಎಂದು ನಿರಂಜನ ಅವರು ಮಕ್ಕಳಿಗೆ ತೋರಿಸುತ್ತಿದ್ದರು. ಸಂಜೆ ಮಕ್ಕಳು ಹೋದ ಮೇಲೆ ಒಮ್ಮೊಮ್ಮೆ, "ಜಯಾ ಅವ್ರೇ, ಇನ್ನೊಂದ್ ಬಲ್ಬ್ ಸೇರಿಸ್ತೀನಿ, ತಿರುಗ್ಸಿ ನೋಡಿ" ಎನ್ನುತ್ತಿದ್ದರು. ಆ ಭಾರ ಇನ್ನೊಮ್ಮೆ ಕೈಗೆ ಸಿಗಲೆಂದು ನನಗೆ ಆಸೆಯಾಯಿತು. ಒಂದು ಬಲ್ಬ್ ಇದ್ದಿದ್ದರೆ ಎಂದೆನು.

ಬೈರಣ್ಣ ಅವರು, "ಆಫೀಸ್‌ತಾವ ಟಾರ್ಚಿನ್ ಬಲ್ಬ್ ಐತೆ ಮೇಡಮ್ಮ, ಇಂಗ್ ಓಗಿ ಅಂಗ್ ಬತ್ತೀನಿ" ಎಂದು ಹೋದರು. ಅಷ್ಟರಲ್ಲಿ ಫೈಜಾನ್ ಅವರು ಲಾರಿಗೆ ಲೋಡ್ ಎತ್ತಲು ಶುರು ಮಾಡಿದ್ದರು. ಬೈರಣ್ಣ ಹಿಂದಿರುಗುವುದನ್ನು ಕಂಡು ಹಾರ್ನ್ ಹೊಡೆದು, ಲೋಡನ್ನು ಅಲ್ಲಾಡದಂತೆ ಮೇಲೇ ತಡೆದು ನಿಲ್ಲಿಸಿದರು. ಅವರ ಎರಡೂ ಕೈ ಕ್ರೇನಿನ ಹಿಡಿಗಳ ಮೇಲಿದ್ದವು. ಅದೇ ಕ್ಷಣ ಆಫೀಸಿನ ಫ್ಯಾನ್ ಸದ್ದು ನಿಂತಿತು. ತೂಕದ ಯಂತ್ರದ ಕೆಂಪು ಅಂಕಿಗಳು ಆರಿದವು. ಕೂಡಲೇ ಲೋಡ್ ಪೂರ್ತಿ ಕಳಚಿ ಬಿತ್ತು. ಬೈರಣ್ಣ ಅದರಿಂದ ಹತ್ತು ಅಡಿ ದೂರದಲ್ಲಿದ್ದರೂ ಒಂದು ಕಬ್ಬಿಣದ ಪಟ್ಟಿ ಪುಟಿದು ಅವರ ಬಲಗಾಲಿಗೆ ಬಡಿಯಿತು. ಫೈಜಾನ್ ಮತ್ತು ನಾನು ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಬಲ್ಬ್ ಅವರ ಮುಷ್ಟಿಯಲ್ಲೇ ಇತ್ತು. ದಾರಿಯುದ್ದಕ್ಕೂ ಅವರು ಮುಷ್ಟಿ ಬಿಡಿಸಲಿಲ್ಲ.

ಮರುದಿನ ಮಧ್ಯಾಹ್ನ ನಾನು ಬೈರಣ್ಣ ಅವರನ್ನು ನೋಡಲು ಆಸ್ಪತ್ರೆಗೆ ಹೋಗಿ ವಾರ್ಡಿನ ಹೊರಗೆ ಕೂತಿದ್ದಾಗ ಬಾಲರಾಜು ಅವರು ಡೈನಮೋವನ್ನು ಟವೆಲಿನಲ್ಲಿ ಸುತ್ತಿ ತಂದು ನನ್ನ ಮಡಿಲಲ್ಲಿಟ್ಟರು. "ನಿಮ್ದೇ ಮೇಡಂ, ತಗೊಂಡ್ ಹೋಗಿ. ಯಾರಾದ್ರೂ ಕೇಳಿದ್ರೆ ಫೈಜಾನ್ ಫೋನಲ್ಲಿದ್ದ, ತಪ್ಪಿ ಸ್ವಿಚ್ ಒತ್ಬಿಟ್ಟ ಅನ್ನಿ, ಸಾಕು" ಎಂದರು. ಟವೆಲಿನ ಮೇಲಿಂದಲೇ ಸುರುಳಿಯ ಸುತ್ತುಗಳು ಬೆರಳಿಗೆ ತಾಕುತ್ತಿದ್ದವು. ಫೈಜಾನ್ ಅವರಿಗೆ ಮೂವರು ಮಕ್ಕಳಿದ್ದಾರಂತೆ ಎಂದೆನು. ಬಾಲರಾಜು ಅವರು, "ಅವೆಲ್ಲ ನಿಮಗ್ಯಾಕೆ ಮೇಡಂ" ಎಂದರು. ಡೈನಮೋವನ್ನು ಅವರ ಕೈಗೆ ಹಿಂದಿರುಗಿಸಿ ನಾನು ವಾರ್ಡಿನ ಒಳಗೆ ಹೋದೆನು.

ಬೈರಣ್ಣ ಅವರ ಮುರಿದ ಕಾಲು ಕೂಡಲು ಮೂರು ತಿಂಗಳಾಗಬಹುದು, ಆಮೇಲೆ ನಡೆಯಬಲ್ಲರು ಎಂದು ವೈದ್ಯರು ಹೇಳಿದ್ದಾರೆ. ಲೋಡ್ ಬಿದ್ದದ್ದು ಕರೆಂಟ್ ಹೋದದ್ದರಿಂದ. ಬ್ಯಾಟರಿ ಸರಿಯಿದ್ದಿದ್ದರೆ ಬೀಳುತ್ತಿರಲಿಲ್ಲ. ಇದರಲ್ಲಿ ಫೈಜಾನ್ ಅವರ ತಪ್ಪಿಲ್ಲ.

ಅಪಘಾತದ ಸ್ಥಳದ ಸಾಮಾನಿನ ಜೊತೆ ತಾವು ವಶಪಡಿಸಿಕೊಂಡಿರುವ ಡೈನಮೋ ಬಗ್ಗೆ ನನ್ನ ಕೋರಿಕೆ ಏನೂ ಇಲ್ಲವೆಂದು ಬರೆದುಕೊಳ್ಳಲೇ ಎಂದು ತಾವು ಕೇಳಿದಿರಿ. ಹಾಗೆ ಬರೆಯಬೇಡಿ. ಕೋರಿಕೆ ಇದೆ. ಕೇಸು ಮುಗಿಯುವುದು ಎಷ್ಟೇ ತಡವಾದರೂ, ಅದನ್ನು ವಿಲೇವಾರಿ ಮಾಡುವ ಮುನ್ನ ನನಗೆ ತಿಳಿಸಬೇಕು. ನಿರಂಜನ ಅವರು ನನಗೆ ಏನಾಗಬೇಕು ಎಂದೂ ಕೇಳಿದಿರಿ. ಇಪ್ಪತ್ತೊಂದು ವರ್ಷ ಒಂದೇ ಲ್ಯಾಬಿನಲ್ಲಿ ಕೆಲಸ ಮಾಡಿದ್ದೇವೆ. ಸಹೋದ್ಯೋಗಿ ಎಂದೇ ಬರೆದುಕೊಳ್ಳಿ.

ನನ್ನ ಹೇಳಿಕೆಯನ್ನು ಓದಿಸಿ ಕೇಳಿದೆನು. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಬೆಂಗಳೂರು
ದಿನಾಂಕ: 14-06-2024
ಸಹಿ: ಜಯಾ