ರೆಮಿ ಕ್ಯಾಂಪಿಗೆ ಬರದ ಮೂರನೇ ವಾರ

…ಏ, ನಗಬೇಡ, ನಿಜ ಹೇಳ್ತಿದೀನಿ! ಟೋಪಿ ತೆಗೆದು ನೆಲಕ್ಕೆ ಹೊಡೆದ, ಆಮೇಲೆ ಅದರ ಮೇಲೇ ನಿಂತು ಕುಣಿದ. ನಮ್ಮ ಕೋಚು! ಅರವತ್ತೆರಡು ವರ್ಷದ ಮನುಷ್ಯ! ಯಾಕೆ ಅಂದ್ರೆ, ನಿನ್ನ ಜಾಗದಲ್ಲಿ ನಿಲ್ಲಿಸಿದಾರಲ್ಲ ಆ ಬ್ರಾಂಟು, ಕಾಲೇಜು ಫುಟ್‌ಬಾಲಿಂದ ನೆಟ್ಟಗೆ ಬಂದೋನು… ಎಂಟನೇ ಸಲ ಚೆಂಡು ಕೈ ಬಿಟ್ಟ. ಎಂಟು! ನಾನೇ ಎಣಿಸಿದೀನಿ. ಬಗ್ಗಿ ನಿಂತು ಕಾಲ ಸಂದಿಯಿಂದ ಹಿಂದಕ್ಕೆ ಚೆಂಡು ಕೊಡೋನು ನಾನು, ಬಿದ್ದ ಸದ್ದು ಮೊದ್ಲು ಕೇಳೋದು ನನಗೇ ತಾನೆ.

ತಗೋ, ಪಿರೋಗಿ ಕಡುಬು ತಿನ್ನು. ಡಾನಾ ನಿನಗೆ ಅಂತಾನೇ ಮಾಡಿದ್ದು. ಬೆಣ್ಣೇಲಿ ಈರುಳ್ಳಿ ಕೆಂಪಗೆ ಹುರಿದು ಮೇಲೆ ಸುರಿದಿದಾಳೆ. ಕಟ್ಟಿಕೊಂಡ ಗಂಡನಿಗೆ ಯಾವತ್ತಾದ್ರೂ ಇಷ್ಟು ಈರುಳ್ಳಿ ಹಾಕಿದ್ದುಂಟಾ? ಇಲ್ಲ! ರೆಮಿಗೆ ಅಂದ್ರೆ ಸಾಕು, ಹೆಂಗಸಿಗೆ ಕೈ ಧಾರಾಳ. ದಾರೀಲಿ ನಾಲ್ಕು ತಿಂದೆ… ಸರಿ, ಆರು. ಹಾಗೆ ನೋಡಬೇಡ! ಮುನ್ನೂರ ಹತ್ತು ಪೌಂಡಿನ ಮೈ ಇದು, ಗಾಳಿ ಕುಡ್ಕೊಂಡು ನಿಲ್ಲುತ್ತಾ?

ಅಬ್ಬಬ್ಬಾ, ಏನು ಹಿತ್ತಿಲು ಮಾರಾಯ ನಿಂದು. ಈ ಕಡೆ ಹುಲ್ಲು, ಆ ಕಡೆ ಈರಿ ಸರೋವರ. ನೀನು ಹೋದ ಕ್ರಿಸ್ಮಸ್ಸಿಗೆ ನಿನ್ನ ಮುಂದೆ ಗೋಡೆ ಥರ ನಿಲ್ಲೋ ನಮ್ಮ ಐದೂ ಜನಕ್ಕೆ ಹುಲ್ಲು ಕತ್ತರಿಸೋ ಗಾಡಿ ಕೊಟ್ಯಲ್ಲ, ಮೇಲೆ ಕೂತು ಓಡಿಸೋದು, ಅದನ್ನ ಇಲ್ಲಿಗೇ ತರ್ತೀನಿ. ನಮ್ಮನೆ ಅಂಗಳ ಏಳು ನಿಮಿಷಕ್ಕೆ ಮುಗಿದುಹೋಗುತ್ತೆ ಕಣೋ. ಗಾಡಿ ತಿರುಗಿಸೋದೇ ನಾಲ್ಕು ನಿಮಿಷ. ಆದ್ರೂ ಪ್ರತಿ ಶನಿವಾರ ಓಡಿಸ್ತೀನಿ, ಪಕ್ಕದ ಮನೆಯೋರಿಗೆ ಕೇಳೋ ಹಾಗೆ. ಟೀಮಿಗೆ ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕೇ ಕೊಟ್ಟಿದ್ದು ಅಂತ ಹೇಳಬೇಕಲ್ಲ!

ಫೋನಾ? ಯಾರು, ನಿನ್ನ ಏಜೆಂಟಾ? ಬಿಡು, ಎತ್ತಬೇಡ. ಬೇಡ ಅಂದೆ! ಅದೇ ರಾಗ ಹಾಡ್ತಾನೆ, ಐದು ಗಂಟೆ ಒಳಗೆ ಹೂಂ ಅನ್ನು, ಇಲ್ಲಾಂದ್ರೆ ಟೀಮಿನೋರು ಕರಾರು ವಾಪಸ್ ತಗೋತಾರೆ ಅಂತ. ಎಲ್ಲಿ ತಗೋತಾರೆ? ಬರೀ ಹೆದರಿಸೋ ಮಾತು. ನೀನಿಲ್ಲದೆ ಅವರಿಗೆ ಗತಿ ಇದೆಯಾ? ಮೂರು ವರ್ಷಕ್ಕೆ ಬರೆದುಕೊಡ್ತಾರಂತೆ, ಮೂರು! ನೀನು ಐದು ಕೇಳಿದ್ದು ನ್ಯಾಯ. ಒಂಬತ್ತು ವರ್ಷ ಈ ಊರಿಗೋಸ್ಕರ ಒದೆ ತಿಂದಿದೀಯ, ಎರಡು ಸಲ ಭುಜ ಕುಯ್ಸಿಕೊಂಡಿದೀಯ. ಮೊದಲನೇ ದಿನ ಏನಂದೆ ನಾನು? ಪ್ರಾಕ್ಟೀಸ್ ಕ್ಯಾಂಪಿಗೆ ಹೋಗಬೇಡ, ಮನೇಲಿ ಕೂತ್ಕೋ, ಅವರೇ ಮೊಣಕಾಲೂರಿ ಬರ್ತಾರೆ ಅಂದೆ. ದಿನಾ ಫೋನ್ ಮಾಡಿ ಹೇಳಿದೀನಾ ಇಲ್ವಾ? ಇವತ್ತೂ ಅದನ್ನೇ ಹೇಳ್ತೀನಿ. ಐದು ಹೊಡೆದು ಹೋಗಲಿ, ಆಮೇಲೆ ನೋಡು ಮಜಾ.

ಈಗಾ? ಈಗ… ನಾಲ್ಕು ಹತ್ತು. ಇರು, ಆ ಫೋನ್ ಸ್ವಲ್ಪ ಈ ಕಡೆ ಇಡ್ತೀನಿ, ಬಿಸಿಲು ಬೀಳ್ತಿದೆ ಅದಕ್ಕೆ.

ಊರಿನ ಸುದ್ದಿ ಕೇಳು. ಭಾನುವಾರ ಚರ್ಚಲ್ಲಿ ಪಾದ್ರಿ ಎಲ್ಲಾ ಮುಗಿಸಿ ಕೊನೇಲಿ, ಮನೆ ಬಿಟ್ಟು ದೂರ ಇರೋರು ಬೇಗ ಹಿಂತಿರುಗಲಿ ಅಂತ ಪ್ರಾರ್ಥನೆ ಮಾಡಿದ. ಇಡೀ ಚರ್ಚು ಗಪ್ಪಂತ ನನ್ನ ಕಡೆ ತಿರುಗ್ತು! ನಾನೇನು ನಿನ್ನನ್ನ ಜೇಬಲ್ಲಿ ಇಟ್ಕೊಂಡಿದೀನಾ? ಮುಂದಿನ ಬೆಂಚಿನ ಮುದುಕಿ, ಅದೇ, ಪ್ರತಿ ಪಂದ್ಯಕ್ಕೂ ನಿನ್ನ ನಂಬರಿನ ಅಂಗಿ ಹಾಕ್ಕೊಂಡು ಬರ್ತಾಳಲ್ಲ, ಅವಳು ನನ್ನ ಕೈ ಹಿಡ್ಕೊಂಡು, "ಮಗಾ, ಅವನಿಗೆ ಹೇಳು" ಅಂದ್ಲು. ಏನು ಹೇಳಲಿ ಅಂದೆ. "ಬಾ ಅಂತ ಹೇಳು" ಅಂದ್ಲು. ಅಷ್ಟೇ.

ಇಲ್ಲ, ಅಳಲಿಲ್ಲ ನಾನು. ಯಾಕೆ ಅಳ್ತೀನಿ?

ಹ್ಞಾಂ? ಪೇಪರಲ್ಲಿ ಬಂದಿದೆಯಾ? ಏನಂತ? ಬ್ರಾಂಟು ಅರವತ್ತು ಗಜ ಎಸೆದ ಅಂತಲಾ… ಗಾಳಿ ಇತ್ತು ಕಣೋ. ಹಿಂದಿನಿಂದ ಭಾರೀ ಗಾಳಿ. ಅವತ್ತು ನಾನು ಎಸೆದಿದ್ರೂ ಅರವತ್ತು ಗಜ ಹೋಗ್ತಿತ್ತು! ಹದಿನಾಲ್ಕು ಎಸೆತದಲ್ಲಿ ಹದಿಮೂರು ಗುರಿ ಮುಟ್ಟಿತು ಅಂತಾನೂ ಬರೆದಿದಾರಾ? ಬರೀಲಿ ಬಿಡು, ಪೇಪರಿನೋರು ಹೊಟ್ಟೆಪಾಡಿಗೆ ಏನಾದ್ರೂ ಬರೀಬೇಕಲ್ಲ. ಎಂಟು ಸಲ ಬಿಟ್ಟ ಅಂದೆನಲ್ಲ, ಅದು ಬೇರೆ ದಿನ. ಮಂಗಳವಾರ. ಪೇಪರಿನೋರು ಬಂದಿದ್ದು ಬುಧವಾರ. ಏನು ಹಾಗೆ ನೋಡ್ತೀಯ, ನಾನೇನು ಕೋರ್ಟಲ್ಲಿ ನಿಂತಿದೀನಾ?

ತಿನ್ನು, ಆರಿಹೋಗುತ್ತೆ.

ಎಲ್ಲಿಗೆ ಎದ್ದೆ? ಓಹೋ, ಚೆಂಡು! ಬಂತಪ್ಪಾ ಆಸೆ ಸಾಹೇಬರಿಗೆ! ಕೈ ಕಡೀತಿದೆಯಾ? ಬಾ ಬಾ, ಕೊಡು ಇಲ್ಲಿ. ಊಟ ಮಾಡಿದ ಹೊಟ್ಟೇಲಿ ಬಗ್ಗೋದು ನೋಡು ಈಗ… ಆಹ್, ಮೊಣಕಾಲು! ಕೇಳಿಸ್ತಾ, ಹೇಗೆ ಲಟಕ್ ಅಂತು? ಡಾನಾ ಹೇಳ್ತಾಳೆ, ಸದ್ದು ಕೇಳಿದ್ರೆ ನಾನು ಯಾವ ಕೋಣೇಲಿ ಇದೀನಿ ಅಂತ ಗೊತ್ತಾಗುತ್ತಂತೆ.

ಪೌಡರ್ ಹಾಕ್ಕೊಂಡಿಲ್ಲ, ಮೊದಲೇ ಹೇಳಿದೀನಿ! ಚೆಂಡು ತಗೊಳ್ಳೋಕೆ ನನ್ನ ಕಾಲ ಸಂದಿಗೆ ಚಾಚೋ ನಿನ್ನ ಕೈಗೆ ನನ್ನ ಬೆವರು ತಾಗಬಾರದು ಅಂತ ಒಂಬತ್ತು ವರ್ಷ ಪಂದ್ಯಕ್ಕೆ ಮುಂಚೆ ಅಂಡಿಗೆ ಅರ್ಧ ಡಬ್ಬಿ ಮಕ್ಕಳ ಪೌಡರು ಬಳ್ಕೊಂಡಿದೀನಿ. ಟೀವೀಲಿ ನೀನು ಹೀರೋ, ನಾನು ಬರೀ ಬೆನ್ನು. ನಮ್ಮಮ್ಮನೇ ಕೇಳಿದ್ಲು, ನಿನ್ನ ಮುಖ ಯಾವಾಗ ತೋರಿಸ್ತಾರೋ ಅಂತ.

ಇದೇ ನೋಡು, ಇದೇ ಬೇಕಾಗಿತ್ತು. ನಿನ್ನ ಕೈ ಸರಿಯಾದ ಜಾಗದಲ್ಲಿ ಇದ್ರೆ ನನಗೆ ಎಷ್ಟೋ ಸಮಾಧಾನ. ಹೂಂ, ಹಟ್ ಅಂತ ಕೂಗು. ಎಂದಿನ ಹಾಗೇನೇ. ಮೊದಲನೇ ಹಟ್ ಎದುರಿನೋರಿಗೆ, ಎರಡನೇ ಹಟ್ ನಮಗೆ! ಒಂದನೇದಕ್ಕೆ ಆ ದಡ್ಡರು ಎಗರಿಬಿದ್ದು ತಪ್ಪು ಮಾಡಬೇಕು, ನಾನು ಬಂಡೆ ಥರ ಕೂತಿರಬೇಕು, ಎರಡನೇದಕ್ಕೆ ಚೆಂಡು ನಿನ್ನ ಕೈಲಿ. ಒಂಬತ್ತು ವರ್ಷದಲ್ಲಿ ಒಂದೇ ಒಂದು ಸಲ ತಪ್ಪಿದೀವಾ? ಕೂಗೋ, ಮೊಣಕಾಲು ನೋಯ್ತಿದೆ!

ಅರೆ!

ಅಯ್ಯೋ… ಬಿತ್ತಾ? ಬೆರಳಿಗೆ ತಾಗ್ತಾ? ಎಲ್ಲಿ, ತೋರಿಸು. ನೀನು… ನೀನು ಒಂದೇ ಸಲ ಹಟ್ ಅಂದಿದ್ದು ಅಲ್ವಾ? ಜಾರಿತು ಕಣೋ. ಬೆಣ್ಣೆ. ಪಿರೋಗಿ ತಿಂದ ಕೈ, ಬೆಣ್ಣೆ ಅಂಟಿತ್ತು, ಜಾರಿಹೋಯ್ತು.

ಏನು? ಜಾರಿದ್ರೆ ಕೆಳಗೆ ಬೀಳುತ್ತೆ ಅಂತೀಯಾ. ಹೂಂ… ಹೌದು, ಮೇಲಕ್ಕೇ ಬಂತು. ನೆಟ್ಟಗೆ ಬಂತು.



ರೆಮಿ, ಹಾಗೆ ಚೆಂಡು ನೋಡ್ತಾ ನಿಲ್ಲಬೇಡ. ಬೈಯಿ ಬೇಕಾದ್ರೆ. ಮೂರು ಊರಿಗಾಗೋಷ್ಟು ಬೈಗುಳ ಬರುತ್ತೆ ನಿನಗೆ, ಒಂದಾದ್ರೂ ಬೈಯಿ.

ಸರಿ. ಸರಿ ಮಾರಾಯ. ಒಂದನೇ ಹಟ್‌ಗೆ ಚೆಂಡು ತಗೊಳ್ಳೋನು ಬ್ರಾಂಟು. ಬೆಳಿಗ್ಗೆ ತಿಂಡಿಗೆ ಮುಂಚೆ ನೂರು ಸಲ ಅವನಿಗೆ ಚೆಂಡು ಕೊಟ್ಟೆ, ಮಧ್ಯಾಹ್ನ ಊಟ ಆದ್ಮೇಲೆ ನೂರು. ಮೂರು ವಾರ. ಯಾರೂ ಹೇಳಿರಲಿಲ್ಲ, ನಾನೇ ಹೋಗಿ ನಿಂತೆ. ಪೌಡರೂ ಹಾಕ್ಕೊಂಡೆ. ಅವನು ಚೆಂಡು ಬಿಡಲ್ಲ ಕಣೋ. ಒಂದು ಸಲಾನೂ ಬಿಟ್ಟಿಲ್ಲ. ಕೋಚು ಟೋಪಿ ಎಸೆದು ಕುಣಿದಿದ್ದು ನಿಜ… ಖುಷಿಗೆ ಕುಣಿದಿದ್ದು.

ಯಾಕೆ ಅಂತ ಕೇಳಲ್ವಾ?

ನನ್ನನ್ನ ಆಫೀಸಿಗೆ ಕರೆದಿದ್ರು, ಕ್ಯಾಂಪ್ ಶುರುವಾಗೋ ಹಿಂದಿನ ದಿನ. ರೆಮಿ ವಾಪಸ್ ಬಂದ್ರೆ ಅವನ ಸಂಬಳಕ್ಕೆ ಎಲ್ಲಿಂದಾದ್ರೂ ದುಡ್ಡು ಹೊಂದಿಸಬೇಕು, ಲೆಯಾನ್, ನಿನ್ನನ್ನ ಟೀಮಿಂದ ಬಿಟ್ಟುಬಿಡ್ತೀವಿ ಅಂದ್ರು. ಅವನು ಬರದೇ ಇದ್ರೆ, ಹೊಸಬನಿಗೆ ದಾರಿ ತೋರಿಸೋಕೆ ಒಬ್ಬ ಹಳಬ ಬೇಕು, ನೀನಿರು ಅಂದ್ರು. ಕಾಫಿ ಕೊಟ್ಟು ಹೇಳಿದ್ರು, ನಗ್ತಾ ನಗ್ತಾ. ಮೂವತ್ತೈದು ನನಗೆ. ಈ ಮೊಣಕಾಲು ಇಟ್ಕೊಂಡು ಯಾವ ಟೀಮಿಗೆ ಹೋಗ್ಲಿ? ಬಗ್ಗಿ ಚೆಂಡು ಕೊಡೋದು ಬಿಟ್ರೆ ನನಗೆ ಇನ್ನೇನು ಬರುತ್ತೆ ಹೇಳು? ಮನೆಗೆ ಹೋಗಿ ನಿನಗೆ ಫೋನ್ ಮಾಡಿದೆ. ಕೂತ್ಕೋ, ಹೋಗಬೇಡ, ಅವರೇ ಬರ್ತಾರೆ ಅಂದೆ. ನೀನು ಥ್ಯಾಂಕ್ಸ್ ಕಣೋ ಲೆಯಾನ್ ಅಂದೆ. ಅವತ್ತಿಂದ ದಿನಾ ಅಂತೀಯ. ದಿನಾ ಥ್ಯಾಂಕ್ಸ್ ಅಂತೀಯ ನೀನು!

ಅವರು ಬರಲ್ಲ ರೆಮಿ. ಯಾರೂ ಮೊಣಕಾಲೂರಲ್ಲ. ಐದು ಹೊಡೆದರೆ ಮುಗೀತು, ಅವರು ಅದಕ್ಕೇ ಕಾಯ್ತಿದಾರೆ. ಇವತ್ತು ಹೇಳಬೇಕು ಅಂತಾನೇ ಬಂದೆ. ಡಾನಾ ಬಾಗಿಲಲ್ಲಿ ನಿಂತು, "ಹೇಳದೇ ಮನೆಗೆ ಬರಬೇಡ" ಅಂದು ಡಬ್ಬಿ ಕೊಟ್ಲು. ಬಂದೆ, ನಿನ್ನ ಮುಖ ನೋಡಿದೆ, ಬಾಯಿಗೆ ಟೋಪಿ ಕತೆ ಬಂತು.

ನಾಲ್ಕು ನಲವತ್ತು. ಇನ್ನೂ ಟೈಮಿದೆ. ತಗೋ ನಿನ್ನ ಫೋನು. ತಗೋ ಅಂದೆ. ನನ್ನ ವಿಷಯ ಯೋಚನೆ ಮಾಡಬೇಡ… ಮಾಡ್ತಿಲ್ಲ ಅಂತೀಯಾ. ಹೂಂ, ಅದೂ ಸರಿಯೇ.

ಏನು? ಇನ್ನೊಂದು ಸಲಾನಾ? ಈಗಲಾ?

ಆಯ್ತು. ಇಗೋ, ಬಗ್ಗಿದೆ. ಈ ಸಲ ನೋಡು. ಕೂಗು.

ಒಂದನೇ ಹಟ್ ಅಂದೆ ನೀನು, ಕೇಳಿಸ್ತು. ಅಲ್ಲಾಡಲಿಲ್ಲ ನೋಡಿದ್ಯಾ? ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಮರೆತಿಲ್ಲ ಕಣೋ ನಾನು, ಕೈಗೆ ಎಲ್ಲಾ ಜ್ಞಾಪಕ ಇದೆ. ಹೂಂ, ಇನ್ನೊಂದು ಕೂಗು.

ಕೂಗೋ…

ಎಲ್ಲಿಗೆ ಹೋಗ್ತಿದೀಯ? ಬಾಗಿಲು ಸದ್ದಾಯ್ತು… ರೆಮಿ? ಒಳಗೆ ಯಾರ ಜೊತೆ ಮಾತಾಡ್ತಿದೀಯ, ಏಜೆಂಟ್ ಜೊತೆನಾ? ಮೂರು ವರ್ಷ ಸಾಕು ಅಂತಿದೀಯಾ?

ಒಳ್ಳೇದಾಯ್ತು. ಬೇಗ ಹೇಳು, ಟೈಮಾಗುತ್ತೆ… ನಾನು ಇಲ್ಲೇ ಇದೀನಿ. ಎದ್ದಿಲ್ಲ. ನೀನು ಇನ್ನೊಂದು ಕೂಗೋವರೆಗೂ ಏಳಲ್ಲ ಕಣೋ, ಮುಗಿಸ್ಕೊಂಡು ಬಾ… ಬರ್ತೀಯ ತಾನೆ?